ದೊಡ್ಡ ಕಪ್ಪೆಚಿಪ್ಪು ಇದ್ದರೆ ಸಾಲದು, ಮರಿ ಇದೆಯಾ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರುವಾಯಿತು ಅಂದರೆ ಹಾರಂಗಿ ಎಷ್ಟು ಅಡಿ, ಕೆ.ಆರ್.ಎಸ್. ಎಷ್ಟು ಅಡಿ ಅಂತ ದಿನಾ ಪತ್ರಿಕೆಯಲ್ಲಿ ಬರುತ್ತದೆ. ನಾವೂ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇವೆ. ಆದರೆ ಆ ನೀರಿನ ತಳದಲ್ಲಿ ಏನು ಬದುಕಿದೆ, ಏನು ಸಾಯುತ್ತಿದೆ ಅನ್ನುವುದು ಸುದ್ದಿಯಾಗುವುದು ಬಹಳ ಕಡಿಮೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಹಾಕಿ.

ವಿಷಯ ಸಿಹಿನೀರಿನ ಕಪ್ಪೆಚಿಪ್ಪಿನದ್ದು. ಹೊಳೆ ದಂಡೆಯಲ್ಲಿ ಬೆಳೆದವರಿಗೆಲ್ಲ ಅದು ಗೊತ್ತು. ಹೊರಗೆ ಕಂದು ಕಪ್ಪು, ಒಳಗೆ ಮುತ್ತಿನ ಹೊಳಪು. ಬೇಸಿಗೆಯಲ್ಲಿ ನೀರು ಇಳಿದಾಗ ಮರಳಿನಲ್ಲಿ ಅರ್ಧ ಹೂತುಕೊಂಡು ನಿಂತಿರುತ್ತದೆ. ಖಾಲಿ ಚಿಪ್ಪು ಸಿಕ್ಕಿದರೆ ಮಕ್ಕಳು ಆಡಲು ಒಯ್ಯುತ್ತಾರೆ. ಪ್ರವಾಹ ಬಂದು ಹೋದ ಮೇಲೆ ಹೂಳೆತ್ತಬೇಕು, ಮರಳು ತೆಗೆಯಬೇಕು ಅನ್ನುವ ಮಾತು ನಮ್ಮ ಕಡೆ ಬಂದೇ ಬರುತ್ತದೆ. ಆಗ ಯಾರಾದರೂ ಈ ಕಪ್ಪೆಚಿಪ್ಪಿನ ಹೆಸರು ಎತ್ತಿದರೆ, 'ಅಯ್ಯೋ, ಅದು ಬೇಕಾದಷ್ಟು ಇದೆ, ದೊಡ್ಡದೊಡ್ಡದೇ ಇದೆ' ಅನ್ನುತ್ತಾರೆ. ನನಗೆ ಭಯ ಆಗುವುದು ಈ ಮಾತಿಗೇ. ಬರೀ ದೊಡ್ಡದು ಇದ್ದರೆ ಅದು ಒಳ್ಳೆಯ ಸುದ್ದಿಯಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಈ ಪ್ರಾಣಿ ಹುಟ್ಟಿ ಬೆಳೆಯುವ ರೀತಿ ಗೊತ್ತಿರಬೇಕು.

ಇದರಲ್ಲಿ ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ. ಹೊರಗಿನಿಂದ ನೋಡಿದರೆ ಹೆಚ್ಚಿನ ಜಾತಿಗಳಲ್ಲಿ ಗೊತ್ತಾಗುವುದಿಲ್ಲ. ಗಂಡು ತನ್ನ ವೀರ್ಯವನ್ನು ಸೀದಾ ನೀರಿಗೆ ಬಿಡುತ್ತದೆ. ಹೆಣ್ಣು ಉಸಿರಾಡುವುದಕ್ಕೂ ಊಟಕ್ಕೂ ನೀರನ್ನು ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದಲ್ಲ, ಆ ನೀರಿನ ಜೊತೆಗೇ ಅದೂ ಒಳಗೆ ಬರುತ್ತದೆ. ಹಾಗಾಗಿ ಎರಡೂ ಹತ್ತಿರ ಇರಬೇಕು, ಗುಂಪಾಗಿ ಇರಬೇಕು. ಅಲ್ಲೊಂದು ಇಲ್ಲೊಂದು ಉಳಿದರೆ ಅಲ್ಲಿಗೇ ಕಥೆ ಮುಗಿಯಿತು. ಮೊಟ್ಟೆಗಳು ಹೊರಗೆ ಬರುವುದಿಲ್ಲ, ತಾಯಿಯ ಕಿವಿರಿನ ಒಳಗೇ ಬೆಳೆಯುತ್ತವೆ. ಅವು ಬೆಳೆದು ಆಗುವ ಮರಿಗೆ ವಿಜ್ಞಾನದಲ್ಲಿ ಗ್ಲೋಕಿಡಿಯಾ ಅನ್ನುತ್ತಾರೆ. ಹೆಚ್ಚು ಕಡಿಮೆ ಕಾಲು ಮಿಲಿಮೀಟರ್ ಗಾತ್ರ, ಕೆಲವು ಜಾತಿಗಳಲ್ಲಿ ಇನ್ನೂ ಚಿಕ್ಕದು. ಅಷ್ಟು ಚಿಕ್ಕದಕ್ಕೂ ಎರಡು ಚಿಪ್ಪು, ನಡುವೆ ಎಳೆದು ಮುಚ್ಚಲು ಒಂದು ಸ್ನಾಯು. ತಾಯಿ ಹೊರಗೆ ಬಿಟ್ಟ ಮೇಲೆ ಅದು ತೆರೆದ ಅಡಕತ್ತರಿ ಹಾಗೆ ಬಾಯಿ ಬಿಟ್ಟುಕೊಂಡು ಕಾಯುತ್ತದೆ.

ಕಾಯುವುದು ಒಂದು ಮೀನಿಗೆ. ಅದೂ ಯಾವುದೋ ಒಂದು ಮೀನಿಗಲ್ಲ, ತನಗೆ ಆಗಿಬರುವ ಮೀನಿಗೆ. ಮೀನು ಹತ್ತಿರ ಬಂದು, ಅದರ ಕಿವಿರಿಗೋ ರೆಕ್ಕೆಗೋ ಈ ಮರಿ ತಾಗಿದ ಕೂಡಲೇ ಚಿಪ್ಪು ಟಪ್ ಅಂತ ಮುಚ್ಚಿ ಕಚ್ಚಿಕೊಳ್ಳುತ್ತದೆ. ಆಮೇಲೆ ಮೀನಿನ ಚರ್ಮವೇ ಅದರ ಸುತ್ತ ಬೆಳೆದು ಪುಟ್ಟ ಗಂಟಿನ ಹಾಗೆ ಆಗುತ್ತದೆ. ಆ ಗಂಟಿನೊಳಗೆ ಕೂತು, ಮೀನು ಹೋದಲ್ಲೆಲ್ಲ ಹೋಗುತ್ತಾ, ಅದು ನಿಜವಾದ ಕಪ್ಪೆಚಿಪ್ಪಾಗಿ ಬದಲಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಕೆಲವು ವಾರ ಸಾಕು, ತಣ್ಣಗಿನ ದೇಶಗಳಲ್ಲಿ ತಿಂಗಳುಗಟ್ಟಲೆ ಬೇಕು. ಬೆಳೆದ ಮೇಲೆ ಗಂಟು ಒಡೆದು ಹೊಳೆಯ ತಳಕ್ಕೆ ಉದುರುತ್ತದೆ. ಸಾಮಾನ್ಯವಾಗಿ ಮೀನಿಗೆ ಇದರಿಂದ ದೊಡ್ಡ ತೊಂದರೆ ಏನೂ ಇಲ್ಲ. ಮೀನು ಸಿಗದ ಮರಿ ಮಾತ್ರ ಹೆಚ್ಚಿನ ಜಾತಿಗಳಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಆಗಿಬರದ ಮೀನಿಗೆ ಕಚ್ಚಿಕೊಂಡರೂ ಅಷ್ಟೇ, ಮೀನಿನ ಮೈ ಅದನ್ನು ಒಪ್ಪುವುದಿಲ್ಲ, ಉದುರಿಸಿಬಿಡುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಬಹುದು. ಹೊಳೆ ಹರಿಯುವುದು ಒಂದೇ ದಿಕ್ಕಿಗೆ ಅಲ್ವಾ? ಈಜಲು ಬಾರದ ಪ್ರಾಣಿ ಮರಿಯನ್ನು ಸುಮ್ನೆ ನೀರಿಗೆ ಬಿಟ್ಟರೆ ತಲೆಮಾರಿನಿಂದ ತಲೆಮಾರಿಗೆ ಕೆಳಗೆ ಕೆಳಗೆ ಹೋಗಿ ಕೊನೆಗೆ ಸಮುದ್ರ ಸೇರಬೇಕಾಗುತ್ತದೆ. ಮೇಲಕ್ಕೆ ಒಯ್ಯುವುದಕ್ಕೆ ಮೀನೇ ಬೇಕು. ನಮ್ಮ ಕೊಡಗಿನ ಸಿದ್ದಾಪುರದ ಹತ್ತಿರದ ಕಪ್ಪೆಚಿಪ್ಪಿನ ಮಕ್ಕಳು ಅದಕ್ಕಿಂತ ಮೇಲಿನ ಒಂದು ತೋಡಿನಲ್ಲಿ ಬೆಳೆಯಬೇಕಾದರೆ ಅಲ್ಲಿಗೆ ಹೋಗುವ ದಾರಿ ಮೀನಿನ ಕಿವಿರು ಒಂದೇ.

ಮೀನನ್ನು ಹತ್ತಿರ ಕರೆಯಲು ಇವು ಮಾಡುವ ಉಪಾಯ ಕೇಳಿದರೆ ನಂಬುವುದು ಕಷ್ಟ. ಉತ್ತರ ಅಮೆರಿಕದ ಹೊಳೆಗಳಲ್ಲಿ ಸುಮಾರು 300 ಜಾತಿ ಸಿಹಿನೀರಿನ ಕಪ್ಪೆಚಿಪ್ಪು ಇವೆ, ಪ್ರಪಂಚದಲ್ಲೇ ಜಾಸ್ತಿ ಅಲ್ಲಿ. ಅವುಗಳಲ್ಲಿ ಲ್ಯಾಂಪ್ಸಿಲಿಸ್ ಅನ್ನುವ ಗುಂಪಿನ ಹೆಣ್ಣು ತನ್ನ ಮೈಯಂಚನ್ನು ಚಿಪ್ಪಿನ ಹೊರಗೆ ಚಾಚಿ ಅಲ್ಲಾಡಿಸುತ್ತದೆ. ಅದು ನೋಡಲು ಥೇಟ್ ಒಂದು ಚಿಕ್ಕ ಮೀನು, ಕಣ್ಣಿನ ಚುಕ್ಕೆ ಕೂಡ ಇರುತ್ತದೆ. ದೊಡ್ಡ ಮೀನು ತಿನ್ನಲು ಬಾಯಿ ಹಾಕಿದ ಕೂಡಲೇ ಅದರ ಬಾಯಿ ತುಂಬಾ ಮರಿಗಳು. ಹೀಗೆ ಮಾಡುವ ಈ ಪ್ರಾಣಿಗೆ ಕಣ್ಣೇ ಇಲ್ಲ, ತಾನು ಯಾರ ರೂಪ ತೋರಿಸುತ್ತಿದ್ದೇನೆ ಅಂತ ಅದು ಯಾವತ್ತೂ ನೋಡಿಲ್ಲ. ಇನ್ನೊಂದು ಜಾತಿಯ ಹೆಣ್ಣು ಹತ್ತಿರ ಬಂದ ಮೀನಿನ ತಲೆಯನ್ನೇ ಚಿಪ್ಪಿನ ನಡುವೆ ಹಿಡಿದುಕೊಂಡು, ಮರಿಗಳನ್ನು ಕಿವಿರಿಗೆ ದಾಟಿಸಿ ಆಮೇಲೆ ಬಿಡುತ್ತದೆ. ಕೆಲವು ಜಾತಿಗಳು ಮರಿಗಳನ್ನು ಹುಳದ ಆಕಾರದ ಪೊಟ್ಟಣ ಮಾಡಿ ನೀರಿಗೆ ಬಿಡುತ್ತವೆ. ಇದೆಲ್ಲ ಅಲ್ಲಿಯ ಜಾತಿಗಳ ಮಾತು, ನಮ್ಮ ಕಾವೇರಿಯವು ಹೀಗೇ ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಮೀನು ಇಲ್ಲದೆ ಇವುಗಳಿಗೆ ಬದುಕಿಲ್ಲ ಅನ್ನುವುದು ಎಷ್ಟು ಗಟ್ಟಿ ಅಂತ ತಿಳಿಯಲಿ ಅಂತ ಬರೆದೆ. ತಿರುಗಾಮುರುಗಾ ಕೂಡ ಇದೆ. ಯುರೋಪ್, ಚೀನಾ, ಜಪಾನ್ ಕಡೆ ಬಿಟರ್ಲಿಂಗ್ ಅನ್ನುವ ಪುಟ್ಟ ಮೀನು ತನ್ನ ಮೊಟ್ಟೆಗಳನ್ನು ಕಪ್ಪೆಚಿಪ್ಪಿನ ಕಿವಿರಿನ ಒಳಗೇ ಇಟ್ಟು ಹೋಗುತ್ತದೆ, ಮೀನಿನ ಮರಿ ಅಲ್ಲೇ ಬೆಳೆಯುತ್ತದೆ.

ಮೀನಿನಿಂದ ಉದುರಿದ ಮರಿಗೆ ನಿಜವಾದ ಪರೀಕ್ಷೆ ಆಮೇಲೆ. ಅದು ಮರಳು, ಸಣ್ಣ ಕಲ್ಲುಗಳ ಸಂದಿಯಲ್ಲಿ ಹೂತುಕೊಂಡು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆ ಸಂದಿಗಳಲ್ಲಿ ನೀರು ಹರಿಯುತ್ತಾ ಇರಬೇಕು, ಆಮ್ಲಜನಕ ಇರಬೇಕು. ನಯವಾದ ಕೆಸರು ಬಂದು ಸಂದಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಯುರೋಪಿನ ಮುತ್ತಿನ ಕಪ್ಪೆಚಿಪ್ಪನ್ನು ಬಹಳ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ, ಅದರ ಲೆಕ್ಕ ನೋಡಿ. ಒಂದು ಹೆಣ್ಣು ಒಂದು ಸಲಕ್ಕೆ ಹತ್ತಾರು ಲಕ್ಷ ಮರಿ ಬಿಡುತ್ತದೆ. ಸಾಲ್ಮನ್, ಟ್ರೌಟ್ ಮೀನುಗಳ ಕಿವಿರಿನಲ್ಲಿ ಚಳಿಗಾಲ ಪೂರ್ತಿ ಕಳೆದು ವಸಂತದಲ್ಲಿ ಉದುರುತ್ತವೆ. ಆಮೇಲೆ ಸುಮಾರು 5 ವರ್ಷ ಕಲ್ಲಿನ ಸಂದಿಯಲ್ಲಿ. ತಾಯಿಯಾಗುವ ವಯಸ್ಸು ಬರಲು 10ರಿಂದ 15 ವರ್ಷ. ಬದುಕುವುದು ಮಾತ್ರ 100 ವರ್ಷಕ್ಕೂ ಮೇಲೆ. ಅಷ್ಟು ಲಕ್ಷ ಮರಿಗಳಲ್ಲಿ ದೊಡ್ಡದಾಗುವುದು ಬೆರಳೆಣಿಕೆ. ಮುತ್ತಿನ ಆಸೆಗೆ ಜನ ಅದನ್ನು ಒಡೆದು ಒಡೆದು ಮುಗಿಸುತ್ತಾ ಬಂದರು, ಬ್ರಿಟನ್ನಿನಲ್ಲಿ 1998ರಲ್ಲಿ ಪೂರ್ತಿ ನಿಷೇಧ ಬಂತು. ಆದರೂ ಅಲ್ಲಿಯ ಎಷ್ಟೋ ಹೊಳೆಗಳಲ್ಲಿ ಈಗ ಇರುವುದು ಬರೀ ಮುದುಕರು. ಹೊಸ ಮರಿ ಬಂದು ದಶಕಗಳೇ ಆಗಿವೆ.

ಈಗ ನನ್ನ ಭಯ ನಿಮಗೆ ಅರ್ಥ ಆಗಿರಬಹುದು. ದೀರ್ಘಾಯುಷಿ ಪ್ರಾಣಿ, ಮೀನು ಹೋದರೂ ತಾನು ತಕ್ಷಣ ಸಾಯುವುದಿಲ್ಲ. ಹೊಳೆ ಕೆಟ್ಟು ಎಷ್ಟೋ ವರ್ಷದ ಮೇಲೂ ದೊಡ್ಡ ದೊಡ್ಡ ಚಿಪ್ಪುಗಳು ಮರಳಿನಲ್ಲಿ ನಿಂತೇ ಇರುತ್ತವೆ, ನೋಡಿದವರು ಎಲ್ಲ ಸರಿಯಾಗಿದೆ ಅಂದುಕೊಳ್ಳುತ್ತಾರೆ. ಅಮೆರಿಕದ ಮಿಸಿಸಿಪ್ಪಿ ನದಿಗೆ 1913ರಲ್ಲಿ ಕಿಯೋಕಕ್ ಅನ್ನುವಲ್ಲಿ ಅಣೆಕಟ್ಟು ಕಟ್ಟಿದರು. ಅಲ್ಲಿಯ ಎಬೊನಿಶೆಲ್ ಅನ್ನುವ ಕಪ್ಪೆಚಿಪ್ಪಿಗೆ ಆಗಿಬರುವ ಮೀನು ಸ್ಕಿಪ್‌ಜ್ಯಾಕ್ ಹೆರಿಂಗ್. ಅಣೆಕಟ್ಟು ದಾಟಿ ಆ ಮೀನಿಗೆ ಮೇಲೆ ಹೋಗಲು ಆಗಲಿಲ್ಲ. ಕಪ್ಪೆಚಿಪ್ಪು ಕೂಡಲೇ ಸಾಯಲಿಲ್ಲ, ಹಳೆಯವು ದಶಕಗಟ್ಟಲೆ ಉಳಿದವು, ಹೊಸದು ಮಾತ್ರ ಹುಟ್ಟಲಿಲ್ಲ. ಒಂದು ಕಾಲಕ್ಕೆ ಅಂಗಿಯ ಗುಂಡಿ ಮಾಡಲು ಟನ್‌ಗಟ್ಟಲೆ ಸಿಗುತ್ತಿದ್ದ ಜಾತಿ ಅದು, ಈಗ ಅಣೆಕಟ್ಟಿನ ಮೇಲಿನ ಭಾಗದಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. 2023ರಲ್ಲಿ ಅಮೆರಿಕ ಸರ್ಕಾರ 21 ಜೀವಿಗಳು ಪೂರ್ತಿ ಅಳಿದುಹೋದವು ಅಂತ ಘೋಷಿಸಿತು, ಅದರಲ್ಲಿ 8 ಕಪ್ಪೆಚಿಪ್ಪುಗಳು.

ದೂರದ ಮಾತು ಬಿಡಿ, ನಮ್ಮ ರಾಜ್ಯದಲ್ಲೇ ಪ್ರಪಂಚದ ಅಪರೂಪದ ಕಪ್ಪೆಚಿಪ್ಪು ಒಂದಿದೆ. ಹೆಸರು ಸ್ಯೂಡೋಮುಲ್ಲೇರಿಯಾ ಡಾಲಿ. 1898ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಎಡ್ಗರ್ ಸ್ಮಿತ್ ಅದನ್ನು ಮೊದಲು ವಿವರಿಸಿದರು. ಸಿಕ್ಕಿದ್ದು ಆಗಿನ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ ಭದ್ರಾ ನದಿಯಲ್ಲಿ, ಅಂದರೆ ಈಗಿನ ಚಿಕ್ಕಮಗಳೂರು. ಇದು ಬೇರೆ ಕಪ್ಪೆಚಿಪ್ಪುಗಳ ಹಾಗೆ ಮರಳಿನಲ್ಲಿ ಓಡಾಡುವುದಿಲ್ಲ. ಚಿಕ್ಕದಿದ್ದಾಗ ಎರಡು ಚಿಪ್ಪೂ ಒಂದೇ ತರಹ ಇರುತ್ತದೆ, ಎಲ್ಲರ ಹಾಗೇ ಇರುತ್ತದೆ. ಆಮೇಲೆ ಒಂದು ಬಂಡೆ ಹಿಡಿದು, ಒಂದು ಚಿಪ್ಪನ್ನು ಕಲ್ಲಿಗೆ ಗಟ್ಟಿಯಾಗಿ ಅಂಟಿಸಿಕೊಂಡುಬಿಡುತ್ತದೆ, ಮತ್ತೆ ಬಿಡುವುದಿಲ್ಲ. ನಡೆಯಲು ಇದ್ದ ಪಾದ ಹೋಗುತ್ತದೆ. ಚಿಪ್ಪು ಮುಚ್ಚುವ ಎರಡು ಸ್ನಾಯುಗಳಲ್ಲಿ ಮುಂದಿನದೂ ಹೋಗುತ್ತದೆ. ಆಮೇಲೆ ಬಂಡೆ ಹೇಗಿದೆಯೋ ಹಾಗೆ ಓರೆಕೋರೆಯಾಗಿ ಬೆಳೆಯುತ್ತದೆ, ಸಮುದ್ರದ ಸಿಂಪಿಯಂತೆ ಕಾಣುತ್ತದೆ. ನೀರು ರಭಸವಾಗಿ ಹರಿಯುವ ಮಲೆನಾಡಿನ ಹೊಳೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಿಕ್ಕಿಲ್ಲ.

ಹೀಗೆ ಕಲ್ಲಿಗೆ ಅಂಟುವ ಸಿಹಿನೀರಿನ ಚಿಪ್ಪುಗಳು ಪ್ರಪಂಚದಲ್ಲಿ ಬಹಳ ಕಡಿಮೆ. ಆಫ್ರಿಕಾದಲ್ಲಿ ಒಂದು, ದಕ್ಷಿಣ ಅಮೆರಿಕದಲ್ಲಿ ಒಂದೆರಡು, ಮತ್ತೆ ನಮ್ಮದು. ಸ್ಮಿತ್ ಮೊದಲು ಇದನ್ನು ದಕ್ಷಿಣ ಅಮೆರಿಕದ ಜಾತಿಯ ಜೊತೆಗೇ ಸೇರಿಸಿದ್ದರು. ಬಹಳ ಕಾಲ ಇವೆಲ್ಲ ಒಂದೇ ಕುಟುಂಬದವು, ಖಂಡಗಳು ಕೂಡಿದ್ದ ಕಾಲದಿಂದ ಉಳಿದವು ಅಂತ ನಂಬಿಕೆ ಇತ್ತು. 2000ದಲ್ಲಿ ಬೋಗನ್ ಮತ್ತು ಹೋ ಅನ್ನುವ ಇಬ್ಬರು ವಿಜ್ಞಾನಿಗಳು ಡಿಎನ್‌ಎ ನೋಡಿ, ನಮ್ಮದು ಆ ಕುಟುಂಬದ್ದಲ್ಲ, ನಮ್ಮ ಕೆರೆ ಹೊಳೆಗಳ ಮಾಮೂಲಿ ಕಪ್ಪೆಚಿಪ್ಪುಗಳ ಕುಟುಂಬದ್ದೇ ಅಂದರು. ಅಂದರೆ ಕಲ್ಲಿಗೆ ಅಂಟಿಕೊಂಡು ಬದುಕುವ ವಿದ್ಯೆಯನ್ನು ನಮ್ಮ ಪಶ್ಚಿಮ ಘಟ್ಟದ ಈ ಜೀವ ತಾನಾಗಿಯೇ, ಬೇರೆಯಾಗಿ ಕಲಿತದ್ದು. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ. ಹುಲಿ ಬೇರೆ ಕಡೆಯೂ ಇದೆ, ಆನೆ ಬೇರೆ ಕಡೆಯೂ ಇದೆ, ಇದು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್, ಅಳಿವಿನ ಭಯ ಇರುವ ಜೀವಿಗಳನ್ನು ಗುರುತಿಸುವ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯದ ಅಂಚಿನಲ್ಲಿ ಇಟ್ಟಿದೆ. ಅದೇ ಸಂಸ್ಥೆ 2011ರಲ್ಲಿ ಪಶ್ಚಿಮ ಘಟ್ಟದ ನೀರಿನ ಜೀವಿಗಳ ಬಗ್ಗೆ ವರದಿ ಕೊಟ್ಟಿತ್ತು, 1,146 ಜಾತಿಗಳನ್ನು ನೋಡಿ ಅದರಲ್ಲಿ ಸುಮಾರು 16 ಶೇಕಡಾ ಅಪಾಯದಲ್ಲಿವೆ ಅಂದಿತ್ತು. ಹೊಳೆಯ ಬಂಡೆ ಸಿಡಿಸಿದರೆ ಈ ಪ್ರಾಣಿ ಬಂಡೆಯ ಜೊತೆಗೇ ಹೋಗುತ್ತದೆ, ಓಡಿಹೋಗಲು ಅದಕ್ಕೆ ಕಾಲೇ ಇಲ್ಲ.

ಈಗ ನಮ್ಮ ಕೊಡಗಿಗೆ ಬರುತ್ತೇನೆ. ಕಾವೇರಿಯ ಕಪ್ಪೆಚಿಪ್ಪು ಅಂದರೆ ಮುಖ್ಯವಾಗಿ ಎರಡು ಗುಂಪು. ಉದ್ದಕ್ಕೆ, ನಯವಾಗಿ, ಅಂಗೈಯಷ್ಟು ಬೆಳೆಯುವುದು ಲ್ಯಾಮೆಲಿಡೆನ್ಸ್. ಕೆರೆಗಳಲ್ಲೂ ಇರುತ್ತದೆ, ಸಿಹಿನೀರಿನ ಮುತ್ತು ಕೃಷಿಗೆ ಬಳಸುವುದೂ ಇದನ್ನೇ. ಇನ್ನೊಂದು ಪ್ಯಾರೇಸಿಯಾ, ಚಿಕ್ಕದು, ಗುಂಡಗೆ, ಚಿಪ್ಪಿನ ತಲೆಯ ಹತ್ತಿರ ಸುಕ್ಕು ಸುಕ್ಕು ಗೆರೆ ಇರುತ್ತದೆ. ಇವು ಭದ್ರಾದ ಚಿಪ್ಪಿನಷ್ಟು ಅಪರೂಪದವಲ್ಲ. ಆದರೆ ಇವಕ್ಕೂ ಮೀನೇ ಬೇಕು. ಮೂರನೆಯದೂ ಒಂದಿದೆ, ಕಾರ್ಬಿಕುಲಾ ಅಂತ. ಎರಡು ಮೂರು ಸೆಂಟಿಮೀಟರ್ ಅಷ್ಟೇ, ಹಳದಿ ಕಂದು ಬಣ್ಣ, ಮೈಮೇಲೆ ಸಾಲು ಸಾಲು ಏಣು. ಇದಕ್ಕೆ ಮೀನಿನ ಹಂಗಿಲ್ಲ, ಮರಿಯನ್ನು ಸೀದಾ ಬಿಡುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, 'ಮರಿ ಇಲ್ಲ ಅಂತೀರಲ್ಲ, ಇಲ್ಲಿ ನೋಡಿ ರಾಶಿ ಇದೆ' ಅಂತ ಜನ ತೋರಿಸುವುದು ಹೆಚ್ಚಾಗಿ ಈ ಕಾರ್ಬಿಕುಲಾವನ್ನೇ. ಇದು ಬೇರೆಯೇ ಪ್ರಾಣಿ, ಎಷ್ಟಿದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಇವು ಹೋದರೆ ನಮಗೇನು ನಷ್ಟ ಅಂತಲೂ ಕೇಳುತ್ತಾರೆ. ಯುರೋಪಿನ ಆ ಮುತ್ತಿನ ಕಪ್ಪೆಚಿಪ್ಪು ಒಂದು ದಿನಕ್ಕೆ ಸುಮಾರು 50 ಲೀಟರ್ ನೀರು ಸೋಸುತ್ತದೆ. ಎಲ್ಲ ಜಾತಿಗೂ ಅದೇ ಲೆಕ್ಕ ಹಿಡಿಯುವಂತಿಲ್ಲ, ಆದರೆ ಕೆಲಸ ಅದೇ. ನೀರಿನಲ್ಲಿ ತೇಲುವ ಪಾಚಿ, ಬ್ಯಾಕ್ಟೀರಿಯಾ, ಕೊಳೆತ ಕಣ ಎಲ್ಲವನ್ನೂ ಎಳೆದು ಸೋಸಿ ತಳಕ್ಕೆ ಹಾಕುತ್ತವೆ. ತಳದ ಹುಳುಗಳಿಗೆ ಅದೇ ಊಟ, ಆ ಹುಳ ಮೀನಿಗೆ ಊಟ. ನೀರುನಾಯಿಯೂ ಕಪ್ಪೆಚಿಪ್ಪು ತಿನ್ನುತ್ತದೆ. ಕರೆಂಟು ಬಿಲ್ಲಿಲ್ಲದೆ ಹಗಲೂ ರಾತ್ರಿ ನಡೆಯುವ ಕೆಲಸ ಇದು.

ಕಾಫಿ ಬೆಳೆಯುವವನಾಗಿ ನಾನು ನಮ್ಮವರಿಗೇ ನೇರವಾಗಿ ಹೇಳಬೇಕಾದದ್ದು ಇದೆ. ಮೊದಲು ಮೈಲುತುತ್ತ, ಅಂದರೆ ತಾಮ್ರದ ಉಪ್ಪು. ಎಲೆ ತುಕ್ಕಿಗೆ, ಮೆಣಸಿನ ಸೊರಗು ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಹೊಡೆಯದೆ ನಮಗೆ ಆಗುವುದಿಲ್ಲ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ತಾಮ್ರದ ಮಟ್ಟಿಗೆ ಕಪ್ಪೆಚಿಪ್ಪಿನ ಮರಿಗಳಷ್ಟು ಸೂಕ್ಷ್ಮ ಜೀವ ನೀರಿನಲ್ಲಿ ಬಹಳ ಕಡಿಮೆ. ಲೀಟರ್ ನೀರಿಗೆ ಹತ್ತಾರು ಮೈಕ್ರೋಗ್ರಾಂ ತಾಮ್ರ ಕರಗಿದ್ದರೂ ಗ್ಲೋಕಿಡಿಯಾ ಸಾಯುತ್ತವೆ, ನಮ್ಮ ಹೊಳೆಗಳ ಹಾಗೆ ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲಿ ಇನ್ನೂ ಬೇಗ. ಈಗ ಲೆಕ್ಕ ಹಾಕಿ. ಅರ್ಧ ಪರ್ಸೆಂಟ್ ಬೋರ್ಡೋಗೆ 200 ಲೀಟರ್ ಬ್ಯಾರೆಲ್ಲಿಗೆ 1 ಕೆ.ಜಿ. ಮೈಲುತುತ್ತ. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ. ಅಷ್ಟೂ ಕರಗಿ ನೀರಿಗೆ ಸೇರಿತು ಅಂದುಕೊಂಡರೆ 1 ಕೋಟಿ ಲೀಟರ್ ನೀರನ್ನು 25 ಮೈಕ್ರೋಗ್ರಾಂ ಮಟ್ಟಕ್ಕೆ ತರಲು ಒಂದು ಬ್ಯಾರೆಲ್ ಸಾಕು. ನಿಜವಾಗಿ ಅಷ್ಟು ಹೋಗುವುದಿಲ್ಲ, ಸುಣ್ಣ ಅದನ್ನು ಹಿಡಿದುಕೊಳ್ಳುತ್ತದೆ, ಎಲೆ ಮಣ್ಣಿನಲ್ಲೇ ಬಹಳಷ್ಟು ನಿಲ್ಲುತ್ತದೆ. ತೊಂದರೆ ಆಗುವುದು ನಾವು ಸಂಜೆ ಕೆಲಸ ಮುಗಿಸಿ ಉಳಿದ ಮದ್ದನ್ನು ತೋಡಿಗೆ ಚೆಲ್ಲಿ, ಬ್ಯಾರೆಲ್, ಪಂಪು, ಪೈಪು ಎಲ್ಲ ಅಲ್ಲೇ ತೊಳೆದಾಗ. ತೋಟದ ಮೇಲಿನ ಭಾಗದಲ್ಲಿ, ನೀರಿನಿಂದ ದೂರ, ಒಂದು ಗುಂಡಿ ತೋಡಿ ಅಲ್ಲಿ ತೊಳೆದರೆ ಮುಗಿಯಿತು. ಇದಕ್ಕೆ ಯಾವ ಖರ್ಚೂ ಇಲ್ಲ. ಮೀನು ಹಿಡಿಯಲು ಮೈಲುತುತ್ತ, ಬ್ಲೀಚಿಂಗ್ ಪೌಡರ್ ಸುರಿಯುವವರ ಬಗ್ಗೆ ಏನು ಹೇಳಲಿ? ಅವರು ಒಂದು ಗುಂಡಿಯ ಮೀನಿನ ಜೊತೆಗೆ ಆ ಗುಂಡಿಯ ಮುಂದಿನ ಎಷ್ಟೋ ವರ್ಷದ ಜೀವವನ್ನೂ ಮುಗಿಸುತ್ತಾರೆ. ತೋಟೆ ಸಿಡಿಸುವವರೂ ಅಷ್ಟೇ.

ಆಮೇಲೆ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಬರುವ ನೀರು. ಡಿಸೆಂಬರಿನಿಂದ ಹಣ್ಣು ಬರುತ್ತದೆ, ಪಲ್ಪರ್ ಓಡುತ್ತದೆ, ಲೋಳೆ ನೀರು ಹುಳಿ ಬರುತ್ತದೆ. ಅದು ತೋಡಿಗೆ ಇಳಿದರೆ ನೀರಿನ ಆಮ್ಲಜನಕವೆಲ್ಲ ಅದನ್ನು ಕೊಳೆಸುವುದಕ್ಕೇ ಖರ್ಚು. ಹೊಳೆಯಲ್ಲಿ ನೀರು ಇಳಿಯುತ್ತಾ ಇರುವ ಕಾಲವೂ ಅದೇ. ದೊಡ್ಡ ಕಪ್ಪೆಚಿಪ್ಪು ಕೆಲವು ದಿನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಉಸಿರು ಹಿಡಿದು ಕೂರಬಲ್ಲದು. ಕಲ್ಲಿನ ಸಂದಿಯ ಮರಿಗೆ ಆ ಶಕ್ತಿ ಇಲ್ಲ. ಹಾಗಾಗಿ ಇಲ್ಲಿಯೂ ದೊಡ್ಡದು ಉಳಿದು ಚಿಕ್ಕದು ಹೋಗುತ್ತದೆ, ನೋಡುವವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಪೇಟೆಯ ಚರಂಡಿ, ಹಂದಿ ಗೂಡಿನ ನೀರಿನಲ್ಲಿ ಅಮೋನಿಯಾ ಇರುತ್ತದೆ. ಅಮೆರಿಕದ ಪರಿಸರ ಇಲಾಖೆ 2013ರಲ್ಲಿ ನದಿ ನೀರಿನ ಅಮೋನಿಯಾ ಮಿತಿಯನ್ನು ಇನ್ನೂ ಬಿಗಿ ಮಾಡಿತು. ಅದಕ್ಕೆ ಮುಖ್ಯ ಕಾರಣ ಕಪ್ಪೆಚಿಪ್ಪುಗಳೇ, ಮೀನಿಗೆ ಸುರಕ್ಷಿತ ಅಂದುಕೊಂಡಿದ್ದ ಮಟ್ಟ ಇವಕ್ಕೆ ಸುರಕ್ಷಿತ ಆಗಿರಲಿಲ್ಲ.

ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲೇಬೇಕು, ಅದು ನನಗೂ ಗೊತ್ತು, ಹೂವು ಒಣಗಿದರೆ ವರ್ಷದ ಬೆಳೆ ಹೋಯಿತು. ಆದರೆ ಒಂದೇ ವಾರ ಹೊಳೆಯುದ್ದಕ್ಕೂ ಎಲ್ಲರೂ ಮೋಟಾರ್ ಇಟ್ಟರೆ ಚಿಕ್ಕ ಹೊಳೆಗಳು ತುಂಡು ತುಂಡು ಗುಂಡಿಗಳಾಗುತ್ತವೆ. ಕಪ್ಪೆಚಿಪ್ಪು ನಡೆಯುತ್ತದೆ ನಿಜ, ಒಂದು ನಾಲಿಗೆಯಂಥ ಪಾದ ಚಾಚಿ ಮೈ ಎಳೆದುಕೊಂಡು ನಡೆಯುತ್ತದೆ, ಆದರೆ ಓಡುವ ನೀರಿನ ಹಿಂದೆ ಓಡಲು ಆಗುತ್ತದಾ? ಮಳೆಗಾಲದಲ್ಲಿ ತುಂಬಿಸಿಕೊಳ್ಳಲು ತೋಟದ ಕೆರೆ ಇದ್ದವರು ಮೊದಲು ಅದನ್ನು ಬಳಸಲಿ, ಉಳಿದವರು ಊರಿನವರ ಜೊತೆ ಮಾತಾಡಿ ದಿನ ಹಂಚಿಕೊಳ್ಳಲಿ.

ಹೂಳಿನ ವಿಷಯ ಸ್ವಲ್ಪ ನಾಜೂಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಎಷ್ಟು ಮಣ್ಣು ಹೊಳೆಗಳಿಗೆ ಬಂತು ಅಂತ ಕೊಡಗಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಮನೆ ಕಳೆದುಕೊಂಡವರ ನೋವಿನ ಮುಂದೆ ಕಪ್ಪೆಚಿಪ್ಪಿನ ಮಾತು ಎತ್ತುವುದು ಸರಿಯಾ ಅಂತ ಯಾರಿಗಾದರೂ ಅನಿಸಬಹುದು. ಹೊಳೆ ದಂಡೆಯ ಕರಡಿಗೋಡಿನಂಥ ಊರುಗಳಿಗೆ ನೀರು ನುಗ್ಗುತ್ತದೆ, ಅಲ್ಲಿಯ ಜನ ಹೂಳೆತ್ತಿ ಅನ್ನುವುದು ನ್ಯಾಯವೇ. ನಾನು ಕೇಳುವುದು ಇಷ್ಟೇ, ಎಲ್ಲಿ ಎತ್ತಬೇಕು ಅಂತ ತೀರ್ಮಾನ ಆಗುವ ಮೊದಲು ತಳವನ್ನು ಒಂದು ಸಲ ನೋಡಿ. ಗುಡ್ಡದಿಂದ ಬಂದ ನಯ ಕೆಸರು ತೆಗೆದರೆ ಕಪ್ಪೆಚಿಪ್ಪಿಗೂ ಒಳ್ಳೆಯದೇ. ಆದರೆ ಜೆಸಿಬಿ ಇಳಿದರೆ ಅದು ಕೆಸರಿಗೆ ನಿಲ್ಲುವುದಿಲ್ಲ, ಕೆಳಗಿನ ಒಳ್ಳೆಯ ಮರಳು, ನುಣುಪು ಕಲ್ಲು ಎಲ್ಲ ಎತ್ತಿ ಲಾರಿಗೆ ಹಾಕುತ್ತದೆ. ಮರಿಗಳು ಬೆಳೆಯುವ ಜಾಗವೇ ಅದು. ಗುಂಪಾಗಿ ಕಪ್ಪೆಚಿಪ್ಪು ಇರುವ ಜಾಗವನ್ನು ಬಿಟ್ಟು ಬೇರೆ ಕಡೆ ಎತ್ತಿದರೆ ಪ್ರವಾಹದ ನೀರು ಇಳಿಯಲು ಅದೇನೂ ಅಡ್ಡಿ ಆಗುವುದಿಲ್ಲ.

ಮೀನು ಬಿಡುವ ಕಾರ್ಯಕ್ರಮಗಳ ಬಗ್ಗೆಯೂ ಒಂದು ಮಾತು. ಕಾವೇರಿಯ ದೊಡ್ಡ ಮಹಶೀರ್, ಡುಬ್ಬ ಮಹಶೀರ್ ಅನ್ನುತ್ತಾರಲ್ಲ, ಅದು ಈ ನದಿ ವ್ಯವಸ್ಥೆ ಬಿಟ್ಟು ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಕೆಂಪು ಪಟ್ಟಿಯಲ್ಲಿ ತೀರಾ ಅಪಾಯದಲ್ಲಿರುವ ಜಾತಿ ಅಂತ ಸೇರಿಸಿದರು. ಬೇರೆ ನದಿಯ ಮಹಶೀರ್ ಮರಿಗಳನ್ನು ತಂದು ವರ್ಷಗಟ್ಟಲೆ ಇಲ್ಲಿಗೆ ಬಿಟ್ಟದ್ದು ಅದಕ್ಕೆ ಬಂದ ಕಷ್ಟಗಳಲ್ಲಿ ಒಂದು. ಈಗ ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಕೆರೆಗಳಿಂದ ತಪ್ಪಿಸಿಕೊಂಡು ಹೊಳೆ ಸೇರುತ್ತಿವೆ. ಹೊಳೆಯಲ್ಲಿ ಮೀನಿದೆ ಅಂದ ಮಾತ್ರಕ್ಕೆ ಕಪ್ಪೆಚಿಪ್ಪಿಗೆ ಸಾಲದು, ಅದರ ಮರಿಯನ್ನು ಒಪ್ಪುವ ಹಳೆಯ ಮೀನು ಬೇಕು. ರಾಮನಾಥಪುರದಲ್ಲಿ ಇದೇ ಕಾವೇರಿಯ ಮೀನುಗಳನ್ನು ದೇವರ ಮೀನು ಅಂತ ಜನ ಹಿಡಿಯದೆ ಬಿಟ್ಟಿದ್ದಾರೆ, ಶೃಂಗೇರಿಯಲ್ಲಿ ತುಂಗೆಯಲ್ಲೂ ಹಾಗೇ. ನಮ್ಮಲ್ಲಿ ದೇವರಕಾಡು ಉಳಿಸಿಕೊಂಡ ಹಾಗೆ ಪ್ರತಿ ನಾಡಿನಲ್ಲೂ ಹೊಳೆಯ ಒಂದೊಂದು ಆಳದ ಗುಂಡಿಯನ್ನು ಮುಟ್ಟದೆ ಬಿಟ್ಟರೆ ಅಲ್ಲಿಂದ ಮೀನೂ ಹರಡುತ್ತದೆ, ಮೀನಿನ ಕಿವಿರಿನಲ್ಲಿ ಇವೂ ಹರಡುತ್ತವೆ.

ಮುತ್ತು ಕೃಷಿ ತರಬೇತಿಯ ಜಾಹೀರಾತುಗಳು ಈಗ ಎಲ್ಲ ಕಡೆ ಕಾಣುತ್ತಿವೆ. ಮಾಡುವವರು ಮಾಡಲಿ, ಆದರೆ ಅದಕ್ಕೆ ಬೇಕಾದ ಕಪ್ಪೆಚಿಪ್ಪನ್ನು ಹೊಳೆಯಿಂದ ಚೀಲಗಟ್ಟಲೆ ಆರಿಸಬೇಡಿ. ಆರಿಸುವುದು ದೊಡ್ಡದನ್ನೇ, ಅಂದರೆ ಮರಿ ಹಾಕುವ ವಯಸ್ಸಿನದನ್ನೇ.

ಏನು ಮಾಡಬಹುದು ಅಂದರೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಅಲ್ಲಿಯ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥದ ಒಂದಷ್ಟು ಜಾಗಗಳಲ್ಲಿ ಕಪ್ಪೆಚಿಪ್ಪಿನ ಉದ್ದ ಅಳೆದು ಬರೆದಿಡಲಿ. ಎಷ್ಟಿವೆ ಅನ್ನುವುದಕ್ಕಿಂತ ಯಾವ ಯಾವ ಅಳತೆಯವು ಇವೆ ಅನ್ನುವುದು ಮುಖ್ಯ. ಜರಡಿಯಲ್ಲಿ ಮರಳು ತೊಳೆದು ಎರಡು ಸೆಂಟಿಮೀಟರಿಗಿಂತ ಚಿಕ್ಕ ಲ್ಯಾಮೆಲಿಡೆನ್ಸ್ ಸಿಕ್ಕಿದರೆ ಆ ಜಾಗದಲ್ಲಿ ಮೀನೂ ಸರಿಯಿದೆ, ತಳವೂ ಸರಿಯಿದೆ ಅಂತ ಅರ್ಥ. ಸಿಗದಿದ್ದರೆ ಮೇಲಿನ ಹೊಳೆಯಲ್ಲಿ ಏನಾಗಿದೆ ಅಂತ ಹುಡುಕಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಬರೆದಿಡಬೇಕು. ಆ ಪುಸ್ತಕದಲ್ಲಿ ಗಿಡಮರ, ಹಕ್ಕಿಗಳ ಪಕ್ಕ ಹೊಳೆಯ ಚಿಪ್ಪುಗಳೂ ಸೇರಲಿ. ಹೂಳೆತ್ತುವ ಟೆಂಡರ್ ಮೊದಲು ಆ ಪುಸ್ತಕ ತೆರೆದು ನೋಡಬಹುದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಬೆಳೆಗಾರರಿಗೆ ಬೋರ್ಡೋ ಮಾಡುವುದನ್ನು ಹೇಳಿಕೊಡುವಾಗ ಬ್ಯಾರೆಲ್ ಎಲ್ಲಿ ತೊಳೆಯಬೇಕು ಅನ್ನುವುದನ್ನೂ ಒತ್ತಿ ಹೇಳಲಿ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಲ್ಯಾಮೆಲಿಡೆನ್ಸ್, ಪ್ಯಾರೇಸಿಯಾ, ಕಾರ್ಬಿಕುಲಾ ಮೂರನ್ನೂ ಪಕ್ಕಪಕ್ಕ ಇಟ್ಟು, ಅಳತೆಪಟ್ಟಿ ಜೊತೆಗೆ, ಒಂದು ದೊಡ್ಡ ಫೋಟೋ ಹಾಕಿ. ಶಾಲೆಯ ಗೋಡೆಗೆ ಅಂಟಿಸುವ ಹಾಗಿರಲಿ. ಚಿಕ್ಕದು ಸಿಕ್ಕಿದವರು ಫೋಟೋ ತೆಗೆದು ಅದೇ ಜಾಗದಲ್ಲಿ ವಾಪಸ್ ಬಿಡಬೇಕು ಅಂತ ಕೆಳಗೆ ಬರೆಯಿರಿ. ಮಾರ್ಚ್ ಹೊತ್ತಿಗೆ ಬಂದರೆ ಒಳ್ಳೆಯದು, ಜೂನ್ ಬಂದರೆ ಹೊಳೆಯ ತಳ ಕಾಣುವುದಿಲ್ಲ.

ಇಂತಿ,
ಕಾವೇರಿ ದಂಡೆಯ ಒಬ್ಬ ಕಾಫಿ ಬೆಳೆಗಾರ
ಸಿದ್ದಾಪುರ, ಕೊಡಗು